ಬಾಯಿಯ ಹುಣ್ಣು, ಕಾಲಿನ ಗಾಯ, ನಾನು ಮುಚ್ಚಿಟ್ಟ ಮಾತು

ಮೊದಲು ಬಂದದ್ದು ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣು. ಅದು ಮಾಯುವ ಮುಂಚೆಯೇ ಕೆಳತುಟಿಯ ಒಳಗೆ ಎರಡು, ಆಮೇಲೆ ಕೆನ್ನೆಯ ಒಳಬದಿಗೆ ನಾಲ್ಕು. ಬಾಯಿಹುಣ್ಣು ಯಾರಿಗೆ ಆಗುವುದಿಲ್ಲ ಹೇಳಿ. ಆಂಧ್ರದ ಖಾರ, ವಿಶಾಖಪಟ್ಟಣದ ಸೆಕೆ, ಪಾಳಿ ಬದಲಾದಾಗಲೆಲ್ಲ ಕೆಡುವ ನಿದ್ದೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಔಷಧದ ಅಂಗಡಿಯವರು ಕೊಟ್ಟ ಬಿ-ಕಾಂಪ್ಲೆಕ್ಸ್ ನುಂಗಿದೆ. ಒಬ್ಬ ದಂತವೈದ್ಯರು ಹಲ್ಲಿನ ಚೂಪು ತಾಗುತ್ತಿರಬೇಕೆಂದು ಒಂದು ದವಡೆಹಲ್ಲನ್ನು ಉಜ್ಜಿ ನಯ ಮಾಡಿದರು. ಹುಣ್ಣು ಮಾತ್ರ ಹೋಗಲಿಲ್ಲ. ಒಂದು ತುತ್ತು ಅನ್ನ ನುಂಗಲು ಕಣ್ಣಲ್ಲಿ ನೀರು ಬರುತ್ತಿತ್ತು.

ನಾನು ಸುಜಾತಾ. ಊರು ರಾಣೆಬೆನ್ನೂರು. ವಿಶಾಖಪಟ್ಟಣದ ಹೊರವಲಯದ ಒಂದು ಔಷಧ ಕಾರ್ಖಾನೆಯಲ್ಲಿ, ಇಂಜೆಕ್ಷನ್ ಬಾಟಲಿಗಳನ್ನು ತುಂಬುವ ವಿಭಾಗದಲ್ಲಿ ಆಗ ನಾನು ಪಾಳಿಯ ಮೇಲ್ವಿಚಾರಕಿ. ಗಂಡ ಬಸವರಾಜ ಬ್ಯಾಂಕ್ ಅಧಿಕಾರಿ, ವರ್ಗವಾಗಿ ವಿಜಯವಾಡದಲ್ಲಿದ್ದರು. ಅಲ್ಲಿನ ಪಟಮಟ ಬಡಾವಣೆಯ ಬಾಡಿಗೆ ಮನೆಯಲ್ಲಿ ಅವರು, ಒಂಬತ್ತು ವರ್ಷದ ಮಗಳು ಸಿಂಚನಾ, ನನ್ನ ಅತ್ತೆ. ವಿಶಾಖಪಟ್ಟಣದಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಕೋಣೆಯಲ್ಲಿ ನಾನು. ಶನಿವಾರ ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ವಿಜಯವಾಡ, ಭಾನುವಾರ ಮಧ್ಯಾಹ್ನ ಮತ್ತೆ ರೈಲು.

ಈ ವ್ಯವಸ್ಥೆ ಯಾರಿಗೂ ಇಷ್ಟವಿರಲಿಲ್ಲ. ಊರಿನಿಂದ ಫೋನ್ ಮಾಡಿದವರೆಲ್ಲ ಮಗು ಯಾರ ಹತ್ತಿರ ಇದೆ ಎಂದು ಮೊದಲು ಕೇಳುತ್ತಿದ್ದರು. ಅತ್ತೆ ಬಾಯಿಬಿಟ್ಟು ಏನೂ ಹೇಳಿದವರಲ್ಲ, ಆದರೆ ನಾನು ಚೀಲ ಜೋಡಿಸುವಾಗ ಅವರು ಅಡುಗೆಮನೆಯಿಂದ ಈಚೆ ಬರುತ್ತಿರಲಿಲ್ಲ. ಗಂಡ ಒಳ್ಳೆಯವರು. ಅವರೂ ನಾನು ಸ್ವಲ್ಪ ಸೊರಗಿದಂತೆ ಕಂಡ ಕೂಡಲೇ ಸಾಕಾದರೆ ಬಿಟ್ಟು ಬಾ ಎನ್ನುತ್ತಿದ್ದರು. ಓದಿ, ಕಾದು, ಆರು ವರ್ಷ ದುಡಿದು ಗಳಿಸಿದ ಜಾಗ ಅದು. ನನಗೆ ಏನೋ ಆಗಿದೆ ಎಂದರೆ ಮರುದಿನವೇ ಅದು ಹೋಗುತ್ತದೆ ಎಂದು ನನಗೆ ಅನ್ನಿಸಿತ್ತು. ಆದ್ದರಿಂದ ನನಗೆ ಏನೂ ಆಗಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಆದರೆ ಆಗಿತ್ತು. ಬಾಯಿಹುಣ್ಣಿಗೂ ಮೊದಲಿನಿಂದ, ಸುಮಾರು ಏಳು ತಿಂಗಳಿಂದ ನನಗೆ ಭೇದಿಯಾಗುತ್ತಿತ್ತು. ದಿನಕ್ಕೆ ಆರು ಸಲ, ಕೆಲವು ದಿನ ಹತ್ತು ಸಲ. ಅದರಲ್ಲಿ ರಕ್ತ ಬೀಳುತ್ತಿತ್ತು. ಈ ಸಾಲನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಇದನ್ನು ಮನಸ್ಸಿನೊಳಗೂ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ. ಬಚ್ಚಲಿಗೆ ಹೋದ ಕೂಡಲೇ ನಳ ಪೂರಾ ತಿರುಗಿಸಿ ಬಕೆಟ್ಟಿಗೆ ನೀರು ಬಿಡುತ್ತಿದ್ದೆ, ಹೊರಗೆ ಸದ್ದು ಕೇಳಬಾರದೆಂದು. ರೈಲಿನಲ್ಲಿ ಬಾಗಿಲ ಪಕ್ಕದ ಸೀಟನ್ನೇ ಹುಡುಕುತ್ತಿದ್ದೆ. ಪ್ರಯಾಣದ ಹಿಂದಿನ ದಿನ ಮಧ್ಯಾಹ್ನದಿಂದಲೇ ಊಟ ಬಿಡುತ್ತಿದ್ದೆ. ಕೋಣೆಯ ಗೆಳತಿಯರು ನಾನು ತೆಳ್ಳಗಾಗುತ್ತಿರುವುದನ್ನು ಹೊಗಳಿದರು. ನಾನು ನಕ್ಕೆ.

ಒಮ್ಮೆ ಸಿಂಚನಾಳ ಶಾಲೆಯವರು ಮಕ್ಕಳನ್ನೂ ತಾಯಂದಿರನ್ನೂ ಕೊಂಡಪಲ್ಲಿಗೆ, ಮರದ ಬೊಂಬೆ ಮಾಡುವವರ ಬೀದಿಗೆ ಕರೆದುಕೊಂಡು ಹೋದರು. ನಾನು ಬರುವೆನೆಂದು ಮಾತು ಕೊಟ್ಟಿದ್ದೆ. ಆ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಬಸ್ಸು ಹೊರಡುವ ಸಮಯಕ್ಕೆ ಆಫೀಸಿನ ಕರೆ ಬಂದಿದೆ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ದಾರಿಯಲ್ಲಿ ಎಲ್ಲಿ ಶೌಚಾಲಯ ಸಿಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅಷ್ಟೇ. ಅವಳು ಗೇಟಿನ ಹೊರಗೆ ಗೆಳತಿಗೆ ತೆಲುಗಿನಲ್ಲಿ ಹೇಳುತ್ತಿದ್ದದ್ದು ನನಗೆ ಕೇಳಿಸಿತು. “ಮಾ ಅಮ್ಮ ಎಪ್ಪುಡೂ ರಾದು.” ನಮ್ಮಮ್ಮ ಯಾವತ್ತೂ ಬರುವುದಿಲ್ಲ ಎಂದು. ಅವಳ ದನಿಯಲ್ಲಿ ದೂರು ಕೂಡ ಇರಲಿಲ್ಲ.

ಇನ್ನೊಂದು ಸುಳ್ಳು ಇದಕ್ಕಿಂತ ದೊಡ್ಡದು. ಇಂಜೆಕ್ಷನ್ ತುಂಬುವ ಕೋಣೆಗೆ ಹೋಗುವವರು ಪ್ರತಿ ಪಾಳಿಯ ಮೊದಲು ಒಂದು ಹಾಳೆಗೆ ಸಹಿ ಮಾಡಬೇಕು. ಜ್ವರ ಇದೆಯೇ, ಕೆಮ್ಮು ಇದೆಯೇ, ಚರ್ಮದ ಮೇಲೆ ಗಾಯ ಇದೆಯೇ, ಭೇದಿ ಇದೆಯೇ. ಒಂದಕ್ಕೆ ಹೌದು ಎಂದರೂ ಒಳಗೆ ಬಿಡುವುದಿಲ್ಲ. ಅಲ್ಲಿ ತಯಾರಾದದ್ದು ನೇರವಾಗಿ ರೋಗಿಗಳ ರಕ್ತಕ್ಕೆ ಹೋಗುವ ಔಷಧ. ಈ ನಿಯಮ ಯಾಕೆ ಎಂದು ಹೊಸಬರಿಗೆ ಪಾಠ ಮಾಡುತ್ತಿದ್ದವಳೇ ನಾನು. ಮೊದಲ ದಿನ ನಾಲ್ಕಕ್ಕೂ ಇಲ್ಲ ಎಂದು ಗುರುತು ಹಾಕುವಾಗ ಕೈ ತಡೆಯಿತು. ಮೂರನೆಯ ವಾರಕ್ಕೆ ತಡೆಯಲಿಲ್ಲ.

ಆಮೇಲೆ ಮೊಣಕಾಲಿನ ಕೆಳಗೆ, ಎರಡೂ ಕಾಲಿನ ಮೇಲೆ, ಕೆಂಪು ಗಂಟುಗಳು ಎದ್ದವು. ಅಡಿಕೆಯಷ್ಟು ದಪ್ಪ. ಬಟ್ಟೆ ತಾಗಿದರೂ ಜೀವ ಹೋಗುವಂಥ ನೋವು. ಒಬ್ಬ ಡಾಕ್ಟರು ಅಲರ್ಜಿ ಎಂದು ಮಾತ್ರೆ ಕೊಟ್ಟರು. ಎರಡು ವಾರದಲ್ಲಿ ಗಂಟುಗಳು ಹಸಿರುಗಟ್ಟಿದ ಕಲೆಗಳಾಗಿ ಇಳಿದವು. ನನಗೆ ಸಮಾಧಾನವಾಯಿತು. ಬಾಯಿ ತೋರಿಸಲು ಹೋದಲ್ಲಿ ಕಾಲಿನ ಸುದ್ದಿ ಎತ್ತಲಿಲ್ಲ, ಕಾಲು ತೋರಿಸಲು ಹೋದಲ್ಲಿ ಬಾಯಿಯ ಸುದ್ದಿ ಎತ್ತಲಿಲ್ಲ. ಹೊಟ್ಟೆಯ ಸುದ್ದಿ ಎಲ್ಲಿಯೂ ಇಲ್ಲ.

ಒಂದು ಶನಿವಾರ ವಿಜಯವಾಡ ನಿಲ್ದಾಣದಲ್ಲಿ ಇಳಿಯುವಾಗ ಬೋಗಿಯ ಮೆಟ್ಟಿಲಿನ ಅಂಚು ಎಡಗಾಲಿನ ಮೂಳೆಯ ಮೇಲೆ ತರಚಿತು. ರಕ್ತ ಕೂಡ ಸರಿಯಾಗಿ ಬರಲಿಲ್ಲ. ನಾಲ್ಕನೆಯ ದಿನ ಅಲ್ಲೊಂದು ಕೀವುಗುಳ್ಳೆ. ಗುಳ್ಳೆ ಒಡೆದು ಹುಣ್ಣಾಯಿತು. ಮುಂದಿನ ಶನಿವಾರದ ಹೊತ್ತಿಗೆ ಅದು ಬಾಟಲಿಯ ಮುಚ್ಚಳದಷ್ಟು ಅಗಲವಾಗಿತ್ತು. ಅದರ ಅಂಚು ನೇರಳೆ ಬಣ್ಣ, ಒಳಗಿನಿಂದ ಯಾರೋ ಕೊರೆದ ಹಾಗೆ ಚರ್ಮದ ತುದಿ ಟೊಳ್ಳು. ನೋವು ಮಾತ್ರ ಗಾಯದ ಅಳತೆಗೆ ತಾಳೆಯಾಗುತ್ತಿರಲಿಲ್ಲ. ಕೆಂಡವನ್ನು ಅಲ್ಲೇ ಇಟ್ಟು ಮರೆತುಹೋದ ಹಾಗೆ ದಿನವಿಡೀ ಸುಡುತ್ತಿತ್ತು. ಇನ್ನು ಕುಂಟುವುದನ್ನು ಮುಚ್ಚಿಡಲು ಆಗಲಿಲ್ಲ. ಕಾರ್ಖಾನೆಗೆ ಎಡವಿ ಬಿದ್ದೆನೆಂದು ತಿಳಿಸಿ ರಜೆ ಹಾಕಿದೆ. ಗಂಡ ನನ್ನನ್ನು ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಸರ್ಜನ್ ಗಂಭೀರ ಮನುಷ್ಯ, ಗಡಿಬಿಡಿಯವರಲ್ಲ. ಸೋಂಕು ಆಳಕ್ಕೆ ಇಳಿದಿದೆ, ಸತ್ತ ಭಾಗವನ್ನು ಕತ್ತರಿಸಿ ಶುಚಿ ಮಾಡಬೇಕು ಎಂದರು. ಸಾಮಾನ್ಯ ಗಾಯಕ್ಕೆ ಅದೇ ಸರಿಯಾದ ಚಿಕಿತ್ಸೆ ಎಂದು ಈಗಲೂ ನನಗೆ ಗೊತ್ತು. ನಾನು ಅವರಿಗೆ ಕೊಟ್ಟ ಮಾಹಿತಿಯಲ್ಲಿ ಅದು ಸಾಮಾನ್ಯ ಗಾಯವೇ ಆಗಿತ್ತು. ಸಕ್ಕರೆ ಕಾಯಿಲೆ ಇಲ್ಲ, ಬೇರೇನೂ ಇಲ್ಲ ಎಂದಿದ್ದೆ.

ಶುಚಿ ಮಾಡಿದ ಮೂರನೆಯ ದಿನ ಪಟ್ಟಿ ಬಿಚ್ಚಿದ ನರ್ಸ್ ಹೊರಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು. ಗಾಯ ಅಂಗೈಯಗಲ ಆಗಿತ್ತು. ಕತ್ತರಿಸಿದ ಅಂಚಿನ ಸುತ್ತಲೂ ಹೊಸ ನೇರಳೆ ಗೆರೆ. ಆಂಟಿಬಯೋಟಿಕ್ ಬದಲಾಯಿತು. ಮತ್ತೆ ಎರಡು ದಿನಕ್ಕೆ ಇನ್ನಷ್ಟು ಹರಡಿತು. ಸರ್ಜನ್ ಈ ಸಲ ನನ್ನ ಬದಲು ಗಂಡನ ಮುಖ ನೋಡಿ ಮಾತಾಡಿದರು. ಗುರುವಾರ ಬೆಳಿಗ್ಗೆ ಮತ್ತೆ ದೊಡ್ಡದಾಗಿ ಶುಚಿ ಮಾಡುವುದು, ಆಮೇಲೆ ತೊಡೆಯ ಚರ್ಮ ತೆಗೆದು ಹಚ್ಚುವುದು. ಅದಕ್ಕೂ ನಿಲ್ಲದಿದ್ದರೆ ಎಂದು ಶುರುಮಾಡಿ ಅವರು ವಾಕ್ಯ ಮುಗಿಸಲಿಲ್ಲ. ಗಂಡ ಆಟೋ ಹಿಡಿದು ನನ್ನನ್ನು ಪಟಮಟಕ್ಕೆ ಕರೆತಂದರು. ಮನೆಯ ಮುಂದೆ ಇಳಿದಾಗ ನನ್ನ ತೋಳು ಹಿಡಿದುಕೊಂಡರು.

ಆ ವಾರ ಅತ್ತೆ ರೊಟ್ಟಿ ಮಾಡುವುದನ್ನು ನಿಲ್ಲಿಸಿದರು. ತಟ್ಟೆಯಲ್ಲಿ ಜೋಳದ ನುಚ್ಚು, ಮಜ್ಜಿಗೆ, ಉಪ್ಪು ಕಡಿಮೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನುಚ್ಚು ಬಾಯಿಗೆ ತಾಗದೆ ಒಳಗೆ ಇಳಿಯುತ್ತಿತ್ತು.

ಗುರುವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆ. ಹಸಿರು ಗೌನು ಉಡಿಸಿ, ಆಪರೇಷನ್ ಕೋಣೆಯ ಹೊರಗಿನ ಸಣ್ಣ ವಾರ್ಡಿನಲ್ಲಿ ಮಲಗಿಸಿದರು. ಗಂಡ ಸಿಂಚನಾಳನ್ನು ಶಾಲೆಗೆ ಬಿಟ್ಟು ಬರುತ್ತೇನೆಂದು ಹೋಗಿದ್ದರು. ನನ್ನ ಬಳಿ ಅತ್ತೆ ಒಬ್ಬರೇ. ಪಕ್ಕದ ಮಂಚದಲ್ಲಿದ್ದವರನ್ನು ಒಳಗೆ ತಳ್ಳಿಕೊಂಡು ಹೋದರು. ಮುಂದಿನ ಸರದಿ ನನ್ನದು. ಬಾಗಿಲು ತೆರೆದಾಗಲೆಲ್ಲ ಒಳಗಿನ ತಂಪು ಗಾಳಿ ಬಂದು ಪಾದಕ್ಕೆ ತಾಗುತ್ತಿತ್ತು.

ಅರಿವಳಿಕೆ ಕೊಡುವ ವೈದ್ಯೆ ಬಂದರು. ಐವತ್ತರ ಆಸುಪಾಸು, ಕನ್ನಡಕ ಸರಪಳಿಯಲ್ಲಿ ಕೊರಳಿಗೆ ನೇತುಬಿದ್ದಿತ್ತು. ಹಿಂದಿನ ದಿನ ನನ್ನನ್ನು ನೋಡಿದ್ದು ಬೇರೆಯವರು, ಅವರು ಬಾಗಿಲಲ್ಲೇ ನಿಂತು ಎರಡು ಪ್ರಶ್ನೆ ಕೇಳಿ ಹೋಗಿದ್ದರು. ಇವರು ಕುರ್ಚಿ ಎಳೆದುಕೊಂಡರು. ಉಸಿರಿನ ನಳಿಕೆ ಹಾಕಲು ಅನುಕೂಲವಿದೆಯೇ ಎಂದು ನೋಡಬೇಕಲ್ಲ, ಬಾಯಿ ತೆರೆದು ನಾಲಿಗೆ ಚಾಚಲು ಹೇಳಿದರು. ತೆರೆದೆ. ಟಾರ್ಚು ಬಿಟ್ಟು ನೋಡಿದವರು ಅರೆಕ್ಷಣದಲ್ಲಿ ಮುಗಿಸಬೇಕಿತ್ತು. ಮುಗಿಸಲಿಲ್ಲ. ಕನ್ನಡಕ ಏರಿಸಿಕೊಂಡು ತುಟಿಯನ್ನು ಕೆಳಗೆ ಎಳೆದು ನೋಡಿದರು, ಕೆನ್ನೆಯನ್ನು ಮರದ ಕಡ್ಡಿಯಿಂದ ಸರಿಸಿ ನೋಡಿದರು.

ಎಷ್ಟು ದಿನದಿಂದ ಎಂದರು. ಸೆಕೆಗೆ ಆಗಿದೆ ಎಂದೆ. ಅವರು ಎದ್ದು ಹೊದಿಕೆ ಸರಿಸಿ ಎಡಗಾಲಿನ ಪಟ್ಟಿಯನ್ನು ಬಿಚ್ಚಿಸಿದರು. ಗಾಯವನ್ನು ಮುಟ್ಟಲಿಲ್ಲ, ಬಗ್ಗಿ ಅಂಚನ್ನೇ ನೋಡಿದರು. ಬಲಗಾಲಿನ ಹಳೆಯ ಕಲೆಗಳ ಮೇಲೆ ಬೆರಳಾಡಿಸಿದರು. ಕೀಲುನೋವು ಇದೆಯೇ, ಕಣ್ಣು ಕೆಂಪಾಗುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಹೊಟ್ಟೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದರು.

“ಲೇದು ಮೇಡಂ,” ಎಂದೆ. ಇಲ್ಲ.

“ಮೋಷನ್‌ಲೋ ರಕ್ತಂ?” ಮಲದಲ್ಲಿ ರಕ್ತ ಹೋಗುತ್ತದೆಯೇ ಎಂದು.

“ಲೇದು.”

ಅತ್ತೆಗೆ ತೆಲುಗು ಬರುವುದಿಲ್ಲ. ಎರಡು ವರ್ಷದಲ್ಲಿ ಹಾಲಿನವನ ಜೊತೆ, ತರಕಾರಿ ಗಾಡಿಯವಳ ಜೊತೆ ಆಡುವಷ್ಟು ನಾಲ್ಕು ಮಾತು ಕಲಿತಿದ್ದರು. ಆದರೆ ರಕ್ತ ಎಂಬ ಪದ ಎರಡೂ ಭಾಷೆಯಲ್ಲಿ ಒಂದೇ. ಅವರು ಗೋಡೆಯ ಪಕ್ಕದಿಂದ ಮಂಚದ ಹತ್ತಿರ ಬಂದರು.

“ಐತ್ರಿ,” ಎಂದರು. “ರಕ್ತ ಹೋಗ್ತೈತ್ರಿ ಈಕಿಗೆ. ಭಾಳ ದಿನಾ ಆತು.”

ವೈದ್ಯೆ ನನ್ನ ಕಡೆ ತಿರುಗಿ, ಅಮ್ಮ ಏನು ಹೇಳುತ್ತಿದ್ದಾರೆ ಎಂದು ಕೇಳಿದರು.

ಆ ಕೋಣೆಯಲ್ಲಿ ಎರಡೂ ಭಾಷೆ ಬರುವವಳು ನಾನೊಬ್ಬಳೇ. ಅತ್ತೆ ಹೆದರಿದ್ದಾರೆ, ಆಪರೇಷನ್ ಎಷ್ಟು ಹೊತ್ತು ಎಂದು ಕೇಳುತ್ತಿದ್ದಾರೆ ಎನ್ನಬಹುದಿತ್ತು. ನಿಜ ಹೇಳುತ್ತೇನೆ, ಆ ವಾಕ್ಯ ನನ್ನ ಬಾಯಿಯಲ್ಲಿ ಸಿದ್ಧವಾಗಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಅದು ಗೊತ್ತಾಯಿತು ಅನ್ನಿಸುತ್ತದೆ.

“ನಾ ಅಂದದ್ದನ್ನ ಅಷ್ಟ ಹೇಳು, ಸುಜಾತಾ. ಬ್ಯಾರೆ ಏನೂ ಸೇರಸಬ್ಯಾಡ.”

ಹೇಳಿದೆ. ನನ್ನ ಬಗ್ಗೆ ಅತ್ತೆ ಹೇಳಿದ ಮಾತನ್ನು, ಬೇರೆ ಯಾರದೋ ಕಾಯಿಲೆಯ ಸುದ್ದಿಯಂತೆ, ತೆಲುಗಿನಲ್ಲಿ ಹೇಳಿದೆ. ಎಷ್ಟು ತಿಂಗಳಿಂದ ಎಂದು ವೈದ್ಯೆ ಕೇಳಿದಾಗ ಉತ್ತರ ಕೊಟ್ಟಿದ್ದು ನಾನೇ. ಏಳು ತಿಂಗಳು. ದಿನಕ್ಕೆ ಎಷ್ಟು ಸಲ ಎಂಬುದನ್ನೂ ಹೇಳಿದೆ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲು ಆಗಲಿಲ್ಲ. ರೈಲು, ನಳ, ಊಟ ಬಿಡುವುದು, ಎಲ್ಲ ಹೊರಗೆ ಬಂತು. ಅತ್ತೆಗೆ ಅದರಲ್ಲಿ ಎಷ್ಟು ತಿಳಿಯಿತೋ ಗೊತ್ತಿಲ್ಲ, ಅವರು ನನ್ನ ತಲೆಯ ಹತ್ತಿರ ನಿಂತೇ ಇದ್ದರು.

ವೈದ್ಯೆ ಎದ್ದು ಒಳಗೆ ಹೋದರು. ಗಾಜಿನ ಬಾಗಿಲ ಆಚೆ ಅವರೂ ಸರ್ಜನ್ನರೂ ಮಾತಾಡುತ್ತಿರುವುದು ಕಾಣುತ್ತಿತ್ತು. ಸರ್ಜನ್ ತಲೆಯಾಡಿಸುತ್ತಿದ್ದರು, ಒಪ್ಪಿಗೆಯಿಂದಲ್ಲ. ಆಮೇಲೆ ಇಬ್ಬರೂ ಬಂದರು. ಕಾದಷ್ಟೂ ಗಾಯ ಕಾಲನ್ನು ತಿನ್ನುತ್ತದೆ, ಇದು ಸೋಂಕೇ ಆಗಿದ್ದರೆ ಒಂದೊಂದು ದಿನವೂ ದುಬಾರಿ ಎಂದರು ಸರ್ಜನ್. ಸೋಂಕು ಅಲ್ಲದಿದ್ದರೆ ಕತ್ತರಿಸಿದಷ್ಟೂ ಬೆಳೆಯುತ್ತದೆ ಎಂದರು ವೈದ್ಯೆ. ನನ್ನ ತಲೆಯ ಮೇಲಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಡೆಗೆ ಸರ್ಜನ್ ಕೈಗವಸು ತೆಗೆದರು. ಇವತ್ತು ಬೇಡ, ಚರ್ಮದ ಡಾಕ್ಟರು ನೋಡಲಿ ಎಂದರು.

ಗಂಡ ಬಂದಾಗ ನಾನು ವಾರ್ಡಿನಲ್ಲಿದ್ದೆ. ಆಪರೇಷನ್ ನಿಂತದ್ದು ಯಾಕೆಂದು ಅವರಿಗೆ ಅರ್ಥವಾಗದೆ ನರ್ಸ್ ಮೇಲೆ ರೇಗಿದರು. ಅತ್ತೆ ಅವರನ್ನು ಹೊರಗೆ ಕರೆದು ಹೇಳಿರಬೇಕು. ಒಳಗೆ ಬಂದು ಮಂಚದ ಕಾಲಬುಡದಲ್ಲಿ ನಿಂತು, “ನನಗ್ಯಾಕ ಹೇಳಲಿಲ್ಲ ನೀ?” ಎಂದು ಒಂದೇ ಸಲ ಕೇಳಿದರು. ಅವರು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಕೆಳಗಿನ ವಾಹನಗಳನ್ನು ನೋಡುತ್ತ ನಿಂತರು.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನವರು. ಜೇಬಿನಿಂದ ಅಳತೆಪಟ್ಟಿ ತೆಗೆದು ಗಾಯದ ಉದ್ದ ಅಗಲ ಬರೆದುಕೊಂಡರು, ಫೋಟೋ ತೆಗೆದರು. ತಮ್ಮ ಅನುಮಾನದ ಹೆಸರು ಹೇಳಿದರು: ಪಯೋಡರ್ಮಾ ಗ್ಯಾಂಗ್ರಿನೋಸಮ್. ಹೆಸರಿನಲ್ಲಿ ಗ್ಯಾಂಗ್ರೀನ್ ಇದ್ದರೂ ಇದು ಗ್ಯಾಂಗ್ರೀನ್ ಅಲ್ಲ, ನಿಮ್ಮ ಮೈಯ ಕಾವಲು ಪಡೆ ನಿಮ್ಮ ಚರ್ಮದ ಮೇಲೆಯೇ ತಿರುಗಿಬಿದ್ದಿದೆ, ಕರುಳಿನ ಉರಿಯೂತ ಇರುವವರಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದರು. ಚಿಕಿತ್ಸೆ ಸ್ಟೆರಾಯ್ಡ್. ತೊಡಕು ಏನೆಂದರೆ, ಇದು ನಿಜಕ್ಕೂ ಸೋಂಕೇ ಆಗಿದ್ದರೆ ಸ್ಟೆರಾಯ್ಡ್ ಅದನ್ನು ಇನ್ನೂ ಹರಡಿಸುತ್ತದೆ. ಅಂಚಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರು ದಿನ ಕಾಯಬೇಕು.

ಆ ಮೂರು ದಿನ ನಾನು ಬದುಕಿನಲ್ಲಿ ಕಳೆದ ಅತಿ ಉದ್ದನೆಯ ದಿನಗಳು. ಕತ್ತರಿಸುವುದನ್ನು ನಿಲ್ಲಿಸಿ ತಪ್ಪು ಮಾಡಿದೆವೋ ಏನೋ ಎಂದು ಪ್ರತಿ ಪಟ್ಟಿ ಬದಲಿಸುವಾಗಲೂ ಅನ್ನಿಸುತ್ತಿತ್ತು. ಗಂಡ ಪೆನ್ನಿನಿಂದ ಗಾಯದ ಸುತ್ತ ಚರ್ಮದ ಮೇಲೆ ಗೆರೆ ಎಳೆದಿದ್ದರು, ದಾಟುತ್ತದೆಯೇ ನೋಡಲು. ಎರಡನೆಯ ದಿನ ಒಂದು ಕಡೆ ದಾಟಿತು. ಅವರು ನನಗೆ ಹೇಳದೆ ಅದರಾಚೆ ಹೊಸ ಗೆರೆ ಎಳೆದರು, ಪೆನ್ನಿನ ತುದಿ ಓಡಿದ್ದು ಕಾಲಿಗೆ ಗೊತ್ತಾಯಿತು.

ಮೂರನೆಯ ದಿನ ಸಂಜೆ ಫಲಿತಾಂಶ ಬಂತು. ಸೋಂಕಿನ ಸುಳಿವಿಲ್ಲ, ಕ್ಯಾನ್ಸರಿನ ಸುಳಿವಿಲ್ಲ. ಸ್ಟೆರಾಯ್ಡ್ ಶುರುವಾಯಿತು. ಐದನೆಯ ದಿನ ಮಧ್ಯಾಹ್ನ ನನಗೇ ತಿಳಿಯದೆ ನಿದ್ದೆ ಬಂದಿತ್ತು. ಎದ್ದಾಗ ಏನೋ ಕಡಿಮೆ ಇದೆ ಅನ್ನಿಸಿ ಸುತ್ತ ನೋಡಿದೆ. ಇಲ್ಲದೇ ಹೋದದ್ದು ನೋವು. ನೇರಳೆ ಅಂಚು ಮಸುಕಾಗಿತ್ತು.

ಮುಂದಿನ ವಾರ ಕರುಳಿನ ಪರೀಕ್ಷೆ, ಕೊಲೊನೋಸ್ಕೋಪಿ. ಹಿಂದಿನ ದಿನ ಔಷಧ ಬೆರೆಸಿದ ನೀರನ್ನು ತಂಬಿಗೆಗಟ್ಟಲೆ ಕುಡಿದು ಬಚ್ಚಲಿಗೆ ಓಡುತ್ತಿರಬೇಕು. ಅಭ್ಯಾಸಬಲದಿಂದ ನಳ ತಿರುಗಿಸಿದೆ. ಬಾಗಿಲ ಆಚೆಯಿಂದ ಅತ್ತೆಯ ದನಿ ಬಂತು. “ನಳಾ ಬಂದ್ ಮಾಡು. ಸುಮ್ಮನ ನೀರು ಹಾಳಾಗ್ತಾವು. ನನಗ ಎಲ್ಲಾ ಗೊತ್ತೈತಿ.” ಒಳಗೆ ಕೂತು ನಾನು ನಕ್ಕೆ. ನಗುವಾಗ ತುಟಿಯ ಹುಣ್ಣು ಎಳೆಯಿತು. ಮತ್ತೂ ನಕ್ಕೆ.

ಅವರಿಗೆ ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದೆ. ವಾರಕ್ಕೊಮ್ಮೆ ಬಂದವಳು ಬಟ್ಟೆ ನೆನೆಸಿಡುತ್ತಿದ್ದೆನಲ್ಲ, ಕಲೆ ನೋಡಿದ್ದರಂತೆ. ಮೊದಲು ಹೆಂಗಸರ ತೊಂದರೆ ಇರಬೇಕು ಅಂದುಕೊಂಡಿದ್ದರು. ಆಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ಕಂಡರು, ಬಚ್ಚಲಿಗೆ ಎಷ್ಟು ಸಲ ಹೋಗುತ್ತೇನೆಂದು ಎಣಿಸಿದರು. ಕೇಳಬಹುದಿತ್ತಲ್ಲ ಎಂದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು. “ನಾ ಕೇಳಿದ್ರ ನೌಕ್ರಿ ಬಿಡಸಾಕ ನೆಪಾ ಹುಡುಕ್ತಾಳ ಮುದಿಕಿ ಅಂತಿದ್ದಿ. ನೀನ ಹೇಳ್ತಿ ಅಂತ ದಾರಿ ಕಾದೆ. ಕಾಯಬಾರದಾಗಿತ್ತು.” ಅವರು ಅಂದದ್ದು ಸರಿ. ನಾನು ಹಾಗೇ ಅಂದುಕೊಳ್ಳುತ್ತಿದ್ದೆ.

ಕಾಯಿಲೆ ಕ್ರೋನ್ಸ್, ಕರುಳಿನ ದೀರ್ಘಕಾಲದ ಉರಿಯೂತ. ಹೊಟ್ಟೆಯ ಡಾಕ್ಟರು ಪರದೆಯ ಮೇಲೆ ನನ್ನ ಕರುಳಿನ ಹುಣ್ಣುಗಳನ್ನು ತೋರಿಸಿದರು. ಅವು ಬಾಯಿಯ ಹುಣ್ಣುಗಳಿಗೆ ಎಷ್ಟು ಹೋಲುತ್ತಿದ್ದವೆಂದರೆ ನಾನು ನಾಲಿಗೆಯಿಂದ ತುಟಿಯ ಒಳಭಾಗವನ್ನು ಮುಟ್ಟಿ ನೋಡಿಕೊಂಡೆ. ಪೂರ್ತಿ ಗುಣವಾಗುವಂಥದ್ದಲ್ಲ, ಹಿಡಿತದಲ್ಲಿ ಇಡಬಹುದು ಎಂದರು.

ಹಿಡಿತಕ್ಕೆ ಬರಲು ತಿಂಗಳುಗಳೇ ಬೇಕಾದವು. ಸ್ಟೆರಾಯ್ಡಿನಿಂದ ಮುಖ ಊದಿಕೊಂಡು ಕನ್ನಡಿಯಲ್ಲಿ ಯಾರೋ ಎಂಬಂತೆ ಕಾಣುತ್ತಿದ್ದೆ. ಸಣ್ಣ ಮಾತಿಗೆ ಅಳುತ್ತಿದ್ದೆ, ಸಣ್ಣ ಮಾತಿಗೆ ಕಿರುಚುತ್ತಿದ್ದೆ. ಒಂದು ಮಧ್ಯಾಹ್ನ ಸಿಂಚನಾ ಶಾಲೆಯ ಚೀಲ ಬಿಸಾಡಿದಳೆಂದು ಬೈದೆ. ಅವಳು ಮೂಲೆಯಲ್ಲಿ ಕೂತು ಬಿಕ್ಕಿದಳು. ಹತ್ತಿರ ಕರೆದು ಕೇಳಿದರೆ ಹೇಳಿದ್ದು ಚೀಲದ ವಿಷಯವಲ್ಲ. ಅಮ್ಮನ ಕಾಲು ತೆಗೆಯುತ್ತಾರೆ ಎಂದು ಆಪರೇಷನ್ನಿನ ವಾರ ಅಪ್ಪ ಫೋನಿನಲ್ಲಿ ಯಾರಿಗೋ ಹೇಳಿದ್ದನ್ನು ಅವಳು ಕೇಳಿದ್ದಳು. ಅಂದಿನಿಂದ ಒಂದೂವರೆ ತಿಂಗಳು ಅವಳು ದಿನಾ ಶಾಲೆಯಿಂದ ಬಂದವಳೇ ಮೊದಲು ಹೊದಿಕೆಯ ಕೆಳಗೆ ಎರಡು ಕಾಲಿವೆಯೇ ಎಂದು ನೋಡುತ್ತಿದ್ದಳಂತೆ. ಯಾಕೆ ಹೇಳಲಿಲ್ಲ ಎಂದೆ. “ನೀನೂ ಹೇಳಲಿಲ್ಲ ಕದಾ,” ಎಂದಳು. ನೀನೂ ಹೇಳಲಿಲ್ಲವಲ್ಲ ಎಂದು. ಅವತ್ತು ಪಟ್ಟಿ ಬಿಚ್ಚಿ ಅವಳಿಗೆ ಗಾಯ ತೋರಿಸಿದೆ. ಮೂಗು ಮುಚ್ಚಿಕೊಂಡು, ಹತ್ತಿರ ಬಂದು, ಪೂರಾ ನೋಡಿದಳು.

ಸ್ಟೆರಾಯ್ಡ್ ಪ್ರಮಾಣ ಇಳಿಸಿದಾಗ ಗಾಯದ ಒಂದು ಮೂಲೆ ಮತ್ತೆ ನೇರಳೆಯಾಯಿತು. ಇನ್ನು ರಕ್ತನಾಳಕ್ಕೆ ಏರಿಸುವ ಇಂಜೆಕ್ಷನ್ನೇ ಬೇಕು ಎಂದರು. ಆ ಔಷಧ ಅಡಗಿದ ಕ್ಷಯವನ್ನು ಕೆರಳಿಸಬಹುದು, ಅದಕ್ಕೇ ಮೊದಲು ಕ್ಷಯ ಮೈಯಲ್ಲಿ ಎಲ್ಲೂ ಇಲ್ಲವೆಂದು ಖಚಿತವಾಗಬೇಕು. ಮತ್ತೆ ಪರೀಕ್ಷೆ, ಮತ್ತೆ ಕಾಯುವ ಕುರ್ಚಿ, ಗೋಡೆಯ ಮೇಲೆ ಸದ್ದಿಲ್ಲದೆ ಓಡುವ ಟಿವಿ, ಎಲ್ಲರ ಕಣ್ಣೂ ಟೋಕನ್ ಸಂಖ್ಯೆಯ ಮೇಲೆ. ಕ್ಷಯ ಇರಲಿಲ್ಲ. ಮೊದಲ ಇಂಜೆಕ್ಷನ್ ಏರುವಾಗ ಆ ಪುಟ್ಟ ಗಾಜಿನ ಬಾಟಲಿಯನ್ನು ನೋಡಿದೆ. ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ನನ್ನಂಥವಳೊಬ್ಬಳು ಅದನ್ನು ತುಂಬಿರುತ್ತಾಳೆ. ಅವಳು ಆ ದಿನ ಹಾಳೆಯ ಮೇಲೆ ನಿಜ ಬರೆದಿದ್ದಳೇ ಎಂದು ಮನಸ್ಸಿಗೆ ಬಂತು. ಹನಿ ಹನಿಯಾಗಿ ಎರಡು ಗಂಟೆ ಅದು ನನ್ನೊಳಗೆ ಇಳಿಯಿತು, ಎರಡು ಗಂಟೆಯೂ ನಾನು ಅದನ್ನೇ ಯೋಚಿಸಿದೆ.

ಮರುದಿನ ಕಾರ್ಖಾನೆಯ ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದೆ. ಏಳು ತಿಂಗಳು ಸುಳ್ಳು ಸಹಿ ಮಾಡಿದ್ದೇನೆ ಎಂದು. ಗಂಡ ಓದಿದರು, ಇದನ್ನು ಕಳಿಸಿದರೆ ಕೆಲಸ ಹೋಗಬಹುದು ಎಂದರು. ಗೊತ್ತು ಎಂದೆ. ಅವರೇ ಕಳಿಸುವ ಗುಂಡಿ ಒತ್ತಿದರು.

ಮುಖ್ಯಸ್ಥರು ಫೋನಿನಲ್ಲಿ ಬೈಯಲಿಲ್ಲ. ಯಾವ ಯಾವ ಪಾಳಿ ಎಂದು ಮಾತ್ರ ಕೇಳಿದರು. ನಾನಿದ್ದ ಪ್ರತಿ ಪಾಳಿಯ ಔಷಧದ ಉಳಿಸಿಟ್ಟ ಮಾದರಿಗಳನ್ನು ತೆಗೆದು ಮತ್ತೆ ಪರೀಕ್ಷೆ ಮಾಡಿದರು. ನಾಲ್ಕು ವಾರ. ನನ್ನ ಕಾಲು ಮಾಯುತ್ತಿತ್ತು, ಬಾಯಿ ಮಾಯುತ್ತಿತ್ತು, ನಾನು ಮಾತ್ರ ಒಂದು ತುತ್ತು ಅನ್ನ ನೆಮ್ಮದಿಯಿಂದ ತಿನ್ನಲಿಲ್ಲ. ಎಲ್ಲ ಮಾದರಿಗಳೂ ಶುದ್ಧವಾಗಿದ್ದವು. ಬಟ್ಟೆ, ಮುಸುಕು, ಕೈಗವಸು, ಗಾಳಿಯ ಸೋಸುಯಂತ್ರ ಎಲ್ಲ ಸೇರಿ ಕಾಪಾಡಿದ್ದವು. ನನ್ನ ಪ್ರಾಮಾಣಿಕತೆ ಏನನ್ನೂ ಕಾಪಾಡಿರಲಿಲ್ಲ. ಎಚ್ಚರಿಕೆಯ ಪತ್ರ ಕೊಟ್ಟು ನನ್ನನ್ನು ದಾಖಲೆ ವಿಭಾಗಕ್ಕೆ ಹಾಕಿದರು. ಪಾಳಿಯ ಮೇಲ್ವಿಚಾರಕಿ ಎಂಬ ಸ್ಥಾನ ಹೋಯಿತು. ನನಗೆ ತಕರಾರಿಲ್ಲ. ಹಿಂದೆ ಆ ಹಾಳೆಯಲ್ಲಿ ಹೌದು ಎಂದು ಬರೆದವರನ್ನು ಮನೆಗೆ ಕಳಿಸುತ್ತಿದ್ದರು, ಈಗ ಆ ದಿನಕ್ಕೆ ಬೇರೆ ಕೆಲಸ ಕೊಡುತ್ತಾರೆ. ಅದು ನನ್ನಿಂದ ಬಂದ ಬದಲಾವಣೆಯೋ ಅಲ್ಲವೋ, ಕೇಳಲು ಹೋಗಲಿಲ್ಲ.

ಬಿಟ್ಟು ಬಾ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ವಿಶಾಖಪಟ್ಟಣಕ್ಕೆ ವಾಪಸು ಹೊರಟ ದಿನ ನನ್ನ ಚೀಲವನ್ನು ಅತ್ತೆಯೇ ಜೋಡಿಸಿದರು. ಅದಕ್ಕೂ ಮುಂಚೆ ಆಸ್ಪತ್ರೆಯಲ್ಲಿ ಕೊನೆಯ ಸಲ ಗಾಯ ತೋರಿಸಿದಾಗ ಸರ್ಜನ್ ಕೂಡ ತಾವಾಗಿ ನೋಡಲು ಬಂದರು, ಇಂಥದ್ದನ್ನು ತಾವು ಮೊದಲ ಬಾರಿ ನೋಡಿದ್ದು, ಇನ್ನು ಮರೆಯುವುದಿಲ್ಲ ಎಂದರು. ಗಾಯವಿದ್ದ ಜಾಗದಲ್ಲಿ ಈಗ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಸುಕ್ಕುಸುಕ್ಕಾದ ಚರ್ಮವಿದೆ. ಎಂಟು ವಾರಕ್ಕೊಮ್ಮೆ ವಿಶಾಖಪಟ್ಟಣದಲ್ಲೇ ಇಂಜೆಕ್ಷನ್. ಒಳ್ಳೆಯ ದಿನಗಳು ಹೆಚ್ಚು, ಕೆಟ್ಟ ದಿನಗಳೂ ಇವೆ.

ಕಳೆದ ತಿಂಗಳು ಅಂಥದ್ದೊಂದು ಬಂತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತಾಗ ಬಲಗಾಲಿನ ಮೇಲೆ ಏನೋ ನೋಯುತ್ತಿದೆ ಅನ್ನಿಸಿ ಮುಟ್ಟಿದೆ. ಗಂಟು. ಐದು ನಿಮಿಷ ಹಾಗೇ ಕೂತಿದ್ದೆ. ಆಮೇಲೆ ಎರಡು ಕಡೆ ಫೋನ್ ಮಾಡಿದೆ. ಎರಡನೆಯದು ಪಟಮಟಕ್ಕೆ.

“ಅತ್ತಿ, ಕಾಲಿನ ಮ್ಯಾಲೆ ಮತ್ತ ಒಂದು ಗಂಟು ಎದ್ದೈತ್ರಿ.”

“ಬಾಯಾಗ?”

“ಒಂದು ಹುಣ್ಣು. ಹೊಟ್ಟಿನೂ ಸರಿ ಇಲ್ಲ, ನಿನ್ನೆಯಿಂದ ನಾಕು ಸಲ ಆತು. ರಕ್ತ ಇಲ್ರಿ.”

“ಡಾಕ್ಟ್ರಿಗೆ ಹೇಳಿಯೇನು?”

“ಹೇಳೀನ್ರಿ. ನಾಳೆ ಹತ್ತಕ್ಕ ಬಾ ಅಂದಾರ.”

“ಹಂಗಾರ ಊಟಾ ಮಾಡು ಮೊದಲ,” ಎಂದು ಫೋನ್ ಇಟ್ಟರು.

ಮೇಜಿನ ಆಚೆ ಕೂತಿದ್ದ ಹೊಸ ಹುಡುಗಿ, ದಾಖಲೆ ವಿಭಾಗಕ್ಕೆ ಆ ವಾರವಷ್ಟೇ ಸೇರಿದವಳು, ನನ್ನ ಮುಖ ನೋಡಿ ಏನಾಯಿತು ಮೇಡಂ ಎಂದು ತೆಲುಗಿನಲ್ಲಿ ಕೇಳಿದಳು. ಡಬ್ಬಿಯ ಮುಚ್ಚಳ ತೆಗೆಯುತ್ತ, ದನಿ ತಗ್ಗಿಸದೆ, ಅವಳಿಗೆ ಹೇಳಿದೆ.